ಮಗಳ ಸ್ಲೇಟು, ಅಮ್ಮನ ಸ್ಲೇಟು

ಅಕ್ಕಂದಿರೇ, ತಂಗಿಯರೇ,

ನೀವು ಅಕ್ಷರ ಕಲಿಯಲು ಕೇಂದ್ರಕ್ಕೆ ಬಂದಿರಿ. ಹಗಲೆಲ್ಲ ದುಡಿದು, ಮನೆಯವರಿಗೆ ಉಣ್ಣಲು ಬಡಿಸಿ, ಆಮೇಲೆ ಬಂದಿರಿ. ಈಗ ನಿಮ್ಮ ಹೆಸರನ್ನು ನೀವೇ ಬರೆಯುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಈ ಪುಸ್ತಕವನ್ನೂ ಓದುತ್ತಿದ್ದೀರಿ. ಇದು ಸಣ್ಣ ಮಾತಲ್ಲ.

ಕಲಿತ ಅಕ್ಷರ ಎಲ್ಲಿ ಉಪಯೋಗಕ್ಕೆ ಬರುತ್ತದೆ? ಮೊದಲು ಮನೆಯಲ್ಲಿ. ನಿಮ್ಮ ಮನೆಯಲ್ಲಿ ಒಂದನೇ ತರಗತಿಗೆ ಹೋಗುವ ಮಗು ಇರಬಹುದು. ಮಗ, ಮಗಳು, ಮೊಮ್ಮಗು, ಯಾರೇ ಆಗಲಿ. ಆ ಮಗುವಿಗೆ ಮನೆಯಲ್ಲಿ ಓದು, ಬರಹ, ಲೆಕ್ಕ ರೂಢಿ ಮಾಡಿಸುವುದು ಹೇಗೆ? ಈ ಪಾಠದಲ್ಲಿ ಅದನ್ನು ನೋಡೋಣ.

ನಾನು ಮಾಡಿದ ತಪ್ಪು

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ.

ನಾನು ಶಾಲೆಯ ಟೀಚರು. ಕೆಲಸಕ್ಕೆ ಸೇರಿದ ಮೊದಲ ವರ್ಷ. ಚಳ್ಳಕೆರೆ ಕಡೆಯ ಒಂದು ಹಟ್ಟಿಯಿಂದ ಒಬ್ಬ ಅಕ್ಕ ಶಾಲೆಗೆ ಬಂದಳು. ಕುರಿ ಸಾಕುವ ಮನೆ. ಮಗಳು ಒಂದನೇ ತರಗತಿ. ಆ ಅಕ್ಕ ಬಾಗಿಲ ಹೊರಗೇ ನಿಂತು ಕೇಳಿದಳು.

"ಟೀಚರಮ್ಮಾ, ಮನೇಲಿ ನಾನೇನಾದ್ರೂ ಹೇಳಿಕೊಡ್ಲಾ?"

ನಾನು ತರಗತಿಯ ಅವಸರದಲ್ಲಿದ್ದೆ. "ಬ್ಯಾಡಕ್ಕಾ. ನಿಮಗೆ ಓದು ಬರಲ್ಲ. ತಪ್ಪು ಹೇಳಿಕೊಟ್ರೆ ತಿದ್ದೋದು ಕಷ್ಟ. ಊಟ ಮಾಡಿಸಿ ಕಳಿಸಿ, ಸಾಕು" ಅಂದೆ.

ಅವಳು ತಲೆ ಆಡಿಸಿ ಹೋದಳು. ಆಮೇಲೆ ಶಾಲೆಯ ಕಡೆಗೆ ಬರಲೇ ಇಲ್ಲ.

ಮಗಳು ಲೆಕ್ಕದಲ್ಲಿ ಹಿಂದೆ ಇದ್ದಳು. ಬೋರ್ಡಿನ ಮೇಲೆ 20 ಬರೆದರೆ ಸುಮ್ಮನೆ ನೋಡುತ್ತಿದ್ದಳು. "ಈ ಹುಡುಗಿಗೆ ತಲೆಗೆ ಹತ್ತಲ್ಲ" ಎಂದುಕೊಂಡೆ. ಒಂದು ಸಂಜೆ ಅವರ ಹಟ್ಟಿಗೆ ಹೋದೆ. ಕುರಿಗಳು ಮೇವಿನಿಂದ ಬಂದಿದ್ದವು. ತಾಯಿ ರೊಪ್ಪದ ಬಾಗಿಲಲ್ಲಿ ನಿಂತು ಎರಡೆರಡೇ ಕುರಿ ಒಳಗೆ ಬಿಡುತ್ತಿದ್ದಳು. ಮಗಳು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಹತ್ತು ಕುರಿ ಆದ ಕೂಡಲೇ ಒಂದು ಕಲ್ಲು ಇಡುತ್ತಿದ್ದಳು. ಕೊನೆಗೆ ತಾಯಿ ಕೇಳಿದಳು.

"ಎಷ್ಟಾಯ್ತೇ?"

"ನಾಲ್ಕು ಕಲ್ಲು. ಮೇಲೆ ಆರು."

"ಅಂದ್ರೆ?"

"ನಲವತ್ತಾರು. ಒಂದು ಕಮ್ಮಿ ಐತಮ್ಮಾ."

ಒಂದು ಮರಿ ಬೇಲಿ ಸಂದಿಯಲ್ಲಿ ಉಳಿದಿತ್ತು. ಮಗಳೇ ಓಡಿ ಹೋಗಿ ಎತ್ತಿಕೊಂಡು ಬಂದಳು.

ನಾನು ನಿಂತಲ್ಲೇ ನಿಂತೆ. ಇವಳಿಗೆ ಇಪ್ಪತ್ತು ಬರಲ್ಲ ಎಂದು ನಾನು ತಿಳಿದಿದ್ದೆ. ಇವಳು ನಲವತ್ತೇಳರಲ್ಲಿ ಒಂದು ಕಮ್ಮಿ ಇರುವುದನ್ನು ಹಿಡಿಯುತ್ತಾಳೆ! ಕಲಿಸಿದ್ದು ಯಾರು? ಓದು ಬರದ ತಾಯಿ.

"ಅಕ್ಕಾ, ನಾನು ಅವತ್ತು ಹೇಳಿದ್ದು ತಪ್ಪು" ಅಂದೆ.

ಅವಳು ನಕ್ಕಳು. "ನೀವು ಹೇಳಿದ ಮೇಲೆ ನಾನು ಅವಳ ಪುಸ್ತಕಾನೂ ಮುಟ್ಟಿಲ್ಲ ಟೀಚರಮ್ಮಾ" ಅಂದಳು.

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಮುಂದಿನ ವರ್ಷ ಆ ಅಕ್ಕ ಅಕ್ಷರ ಕಲಿಯಲು ಬಂದಳು. ನಾನು ಅವಳಿಗೆ ಕಲಿಸಿದೆ. ಅವಳಿಂದ ನಾನೂ ಕಲಿತೆ. ಈ ಪಾಠದಲ್ಲಿ ಇರುವುದು ನಾವಿಬ್ಬರೂ ಕಲಿತದ್ದು.

ಏನು ಬೇಕು?

ಹೆಚ್ಚೇನೂ ಬೇಡ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಆದರೆ ದಿನಾ ಬೇಕು. ವಾರಕ್ಕೊಮ್ಮೆ ಎರಡು ಗಂಟೆ ಕೂರಿಸಿದರೆ ಮಗುವಿಗೆ ಬೇಜಾರಾಗುತ್ತದೆ. ದೀಪ ಹಚ್ಚುವ ಹೊತ್ತಿಗೆ, ಊಟಕ್ಕೆ ಮುಂಚೆ ಕೂರಿಸಿ. ಊಟ ಆದ ಮೇಲೆ ಮಗು ತೂಕಡಿಸುತ್ತದೆ. ಆ ಹೊತ್ತು ಟಿ.ವಿ. ನಿಲ್ಲಿಸಿ. ಮೊಬೈಲ್ ದೂರ ಇಡಿ.

ಒಂದು ಸ್ಲೇಟು, ಬಳಪ. ಒಂದು ಹಿಡಿ ಹುಣಸೆ ಬೀಜ. ಶಾಲೆಯ ಪುಸ್ತಕ. ಇಷ್ಟಿದ್ದರೆ ಸಾಕು.

ಒಂದು ನಿಯಮ ಇದೆ. ಹೊಡೆಯಬಾರದು. "ದಡ್ಡಿ", "ದಡ್ಡ" ಎನ್ನಬಾರದು. ನೀವೇ ನೆನಪು ಮಾಡಿಕೊಳ್ಳಿ. ಮೊದಲ ದಿನ ಬಳಪ ಹಿಡಿದಾಗ ನಿಮ್ಮ ಕೈ ನಡುಗಲಿಲ್ಲವೇ? ಯಾರಾದರೂ ನಕ್ಕಿದ್ದರೆ ನೀವು ಮರುದಿನ ಬರುತ್ತಿದ್ದಿರಾ? ಮಗುವಿನ ಮನಸ್ಸೂ ಹಾಗೆಯೇ.

ಮಾತು ಮೊದಲು, ಅಕ್ಷರ ಆಮೇಲೆ

ನಮ್ಮದು ಗಡಿ ಸೀಮೆ. ಚಳ್ಳಕೆರೆ, ಮೊಳಕಾಲ್ಮುರು ಎರಡಕ್ಕೂ ಆಂಧ್ರ ಹತ್ತಿರ. ಎಷ್ಟೋ ಮನೆಗಳಲ್ಲಿ ತೆಲುಗು ಆಡುತ್ತಾರೆ. ತಾಂಡಾಗಳಲ್ಲಿ ಲಂಬಾಣಿ ಮಾತು ಇದೆ. ಶಾಲೆಯಲ್ಲಿ ಮಾತ್ರ ಕನ್ನಡ. ಮಗು ಶಾಲೆಗೆ ಬಂದ ಹೊಸದರಲ್ಲಿ ಬಾಯಿ ಬಿಡುವುದಿಲ್ಲ. ಅದು ದಡ್ಡತನ ಅಲ್ಲ. ಅದಕ್ಕೆ ಮಾತು ಗೊತ್ತು. ನಮ್ಮ ಮಾತು ಗೊತ್ತಿಲ್ಲ, ಅಷ್ಟೆ.

ಹಾಗಾದರೆ ಮನೆಯಲ್ಲಿ ಯಾವ ಮಾತು ಆಡಬೇಕು? ನಿಮ್ಮ ಮಾತನ್ನೇ ಆಡಿ. ಕತೆ ಹೇಳಿ. ಒಗಟು ಹಾಕಿ. ಜೋಗುಳ ಹಾಡಿ. ಮನೆ ಮಾತಿನಲ್ಲಿ ಚೆನ್ನಾಗಿ ಮಾತಾಡುವ ಮಗು ಕನ್ನಡವನ್ನೂ ಬೇಗ ಹಿಡಿಯುತ್ತದೆ. ನಡುವೆ ಕನ್ನಡದ ಹೆಸರು ಸೇರಿಸಿ. "ನಾವು ಪಾಲು ಅಂತೀವಿ. ಸ್ಕೂಲಲ್ಲಿ ಹಾಲು ಅಂತಾರೆ" ಎಂದು ಹೇಳಿ.

ಕನ್ನಡದ ಮನೆಗಳಲ್ಲೂ ಒಂದು ತೊಡಕಿದೆ. ನಾವು ಮಾತಿನಲ್ಲಿ 'ಹ' ನುಂಗಿಬಿಡುತ್ತೇವೆ. ಹಾಲು ಎನ್ನದೆ 'ಆಲು' ಎನ್ನುತ್ತೇವೆ. ಹಾವು ಎನ್ನದೆ 'ಆವು' ಎನ್ನುತ್ತೇವೆ. ಮಗು ಬರೆಯುವಾಗಲೂ 'ಆವು' ಎಂದೇ ಬರೆಯುತ್ತದೆ. ಪಕ್ಕದ ತೆಲುಗು ಮನೆಯ ಮಗು ಅದನ್ನು ಓದಿದರೆ ಏನಾಗುತ್ತದೆ ಗೊತ್ತೇ? ತೆಲುಗಿನಲ್ಲಿ ಆವು ಎಂದರೆ ಹಸು! ಹಾವು ಹೋಗಿ ಹಸು ಆಯಿತು.

ಇದಕ್ಕೆ ಒಂದು ಆಟ ಇದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿಯಲು ಹೇಳಿ. 'ಅ' ಅನ್ನಲಿ. ಆಮೇಲೆ 'ಹ' ಅನ್ನಲಿ. 'ಹ' ಅಂದಾಗ ಅಂಗೈಗೆ ಬಿಸಿ ಉಸಿರು ತಾಗುತ್ತದೆ. ಮಗು ನಗುತ್ತದೆ. ನಗುತ್ತಾ ಕಲಿಯುತ್ತದೆ. ನೀವೂ ಮಾಡಿ ನೋಡಿ.

'ರ ಗ ಸ ದ ಅ' ಅಂದರೇನು?

ಆ ಅಕ್ಕ ಒಂದು ದಿನ ಗಾಬರಿಯಿಂದ ಬಂದಳು. "ಟೀಚರಮ್ಮಾ, ನೀವು ನಮಗೆ ಅ ಆ ಇ ಈ ಕಲಿಸಿದ್ರಿ. ನನ್ನ ಮಗಳು ರ ಗ ಸ ದ ಅ ಅಂತಾಳೆ. ತಪ್ಪಲ್ವಾ?"

ತಪ್ಪಲ್ಲ. ಇದು ನಲಿ-ಕಲಿ ಪದ್ಧತಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಇದು ಶುರುವಾಯಿತು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಸಣ್ಣ ತರಗತಿಗಳಿಗೆ ಬಂತು. ಇದರಲ್ಲಿ ವರ್ಣಮಾಲೆಯ ಸಾಲು ಹಿಡಿದು ಹೋಗುವುದಿಲ್ಲ. ಬರೆಯಲು ಸುಲಭವಾದ, ಬೇಗ ಪದ ಆಗುವ ಅಕ್ಷರಗಳನ್ನು ಮೊದಲು ಕಲಿಸುತ್ತಾರೆ.

ರ, ಗ, ಸ, ದ, ಅ. ಐದೇ ಅಕ್ಷರ. ಇಷ್ಟರಲ್ಲೇ ಎಷ್ಟು ಪದ ಆಗುತ್ತವೆ ನೋಡಿ.

ಸರ, ರಸ, ದರ, ಅರಸ, ಅಗಸ, ಗರಗಸ.

ಮುಂದೆ ಜ, ವ, ಮ, ಬ, ನ ಬರುತ್ತವೆ. ಈಗ ಇನ್ನಷ್ಟು ಪದ.

ಮರ, ಮಗ, ದನ, ಜನ, ಬರ.

'ಬರ' ಎಂಬ ಪದ ನಮ್ಮ ಸೀಮೆಗೆ ಹೊಸದಲ್ಲ. ಮಳೆ ಕಮ್ಮಿ ಬೀಳುವ ನಾಡು ನಮ್ಮದು. ಮಗು ಆ ಪದ ಓದಿದಾಗ ನಿಲ್ಲಿಸಿ ಮಾತಾಡಿಸಿ. "ಬರ ಅಂದ್ರೇನು? ಶೇಂಗಾ ಯಾಕೆ ಒಣಗುತ್ತೆ?" ಎಂದು ಕೇಳಿ. ಪದಕ್ಕೆ ಅರ್ಥ ಕೂಡಿದರೆ ಮಾತ್ರ ಅದು ಓದು.

ಈ ಹತ್ತು ಅಕ್ಷರದಲ್ಲಿ ಎರಡೆರಡು ಪದ ಜೋಡಿಸಬಹುದು.

ಅರಸನ ಸರ. ಅಗಸನ ದನ. ಮರದ ಗರಗಸ.

ಇವನ್ನು ನೀವು ಸ್ಲೇಟಿನಲ್ಲಿ ಬರೆಯಿರಿ. ಮಗು ಓದಲಿ. ಆಮೇಲೆ ಮಗು ಬರೆಯಲಿ. ನೀವು ಓದಿ.

ಒಂದು ಮಾತು ನೆನಪಿಡಿ. ಕೆಲವು ಮಕ್ಕಳು ಪಾಠವನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಗಡಗಡ ಹೇಳುತ್ತಾರೆ. ನಾವು "ಭೇಷ್, ಓದು ಬಂತು" ಎಂದುಕೊಳ್ಳುತ್ತೇವೆ. ಪರೀಕ್ಷೆ ಮಾಡುವುದು ಸುಲಭ. ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಡಿ. "ಇದೇನು?" ಎಂದು ಕೇಳಿ. ಹೇಳಿದರೆ ಓದು ಬಂದಿದೆ. ಹೇಳದಿದ್ದರೆ ಬೈಯಬೇಡಿ. ಆ ಪದದ ಅಕ್ಷರಗಳನ್ನು ಒಂದೊಂದಾಗಿ ಓದಿಸಿ, ಕೂಡಿಸಿ.

ಮನೆಯ ಕಾಗುಣಿತ

ಕಾಗುಣಿತ ಎಂದರೆ ಮಕ್ಕಳಿಗೆ ಭಯ. ಕ ಕಾ ಕಿ ಕೀ ಎಂದು ರಾಗ ಎಳೆಯುತ್ತಾರೆ. ಪದ ಬಂದರೆ ತಡವರಿಸುತ್ತಾರೆ. ಅದಕ್ಕೆ ಒಂದೊಂದು ಅಕ್ಷರಕ್ಕೂ ಒಂದೊಂದು ವಸ್ತು ತೋರಿಸಿ. ನಮ್ಮ ಸುತ್ತಲೇ ಇವೆ.

ಕಾ - ಕಾಲು
ಕಿ - ಕಿವಿ
ಕೀ - ಕೀಲು
ಕು - ಕುರಿ
ಕೂ - ಕೂದಲು
ಕೆ - ಕೆರೆ
ಕೇ - ಕೇರಿ
ಕೈ - ಕೈ
ಕೊ - ಕೊಡ
ಕೋ - ಕೋಳಿ
ಕೌ - ಕೌದಿ
ಕಂ - ಕಂಬಳಿ

ಮಗು ಕಾಲು ಮುಟ್ಟಲಿ, ಕಿವಿ ಹಿಡಿಯಲಿ, ಕೊಡ ತೋರಿಸಲಿ. ಹೀಗೆ 'ಮ' ಕಾಗುಣಿತಕ್ಕೂ ಮನೆಯಲ್ಲಿ ಪದ ಹುಡುಕಿ. ಮಾವು, ಮಿಣುಕು, ಮೀನು, ಮುಳ್ಳು, ಮೂಗು. ಮುಂದಿನದನ್ನು ನೀವೇ ಸೇರಿಸಿ.

ಒತ್ತಕ್ಷರಕ್ಕೆ ಅವಸರ ಬೇಡ. ಕಾಗುಣಿತ ಗಟ್ಟಿಯಾದ ಮೇಲೆ ಅದು ಬರುತ್ತದೆ. ಆದರೆ ನಮ್ಮ ಎರಡೂ ತಾಲ್ಲೂಕಿನ ಹೆಸರಿನಲ್ಲಿ ಒತ್ತು ಇದೆ. ಚಳ್ಳಕೆರೆ. ಇಲ್ಲಿ 'ಳ'ಗೆ 'ಳ'ದೇ ಒತ್ತು. ಮೊಳಕಾಲ್ಮುರು. ಇಲ್ಲಿ 'ಲ'ಗೆ 'ಮ'ದ ಒತ್ತು. ಒಂದರಲ್ಲಿ ಅದೇ ಅಕ್ಷರ, ಇನ್ನೊಂದರಲ್ಲಿ ಬೇರೆ ಅಕ್ಷರ. ಮಗು ದೊಡ್ಡದಾದಂತೆ ಈ ಎರಡು ಹೆಸರು ತೋರಿಸಿಯೇ ಒತ್ತಕ್ಷರ ಕಲಿಸಬಹುದು.

ಊರೇ ಪುಸ್ತಕ

ಮನೆಯಲ್ಲಿ ಕತೆ ಪುಸ್ತಕ ಇಲ್ಲ ಎಂದು ಕೊರಗಬೇಡಿ. ಓದಲು ಬೇಕಾದದ್ದು ಕಣ್ಣ ಮುಂದೆ ಇದೆ. ಬಸ್ಸಿನ ಬೋರ್ಡು ಓದಿಸಿ. ತಳಕು, ರಾಂಪುರ, ನಾಯಕನಹಟ್ಟಿ, ಪರಶುರಾಂಪುರ. ಅಂಗಡಿಯ ಹಲಗೆ, ಸೋಪಿನ ಕಾಗದ, ಪಡಿತರ ಚೀಟಿ, ಶಾಲೆಯ ಗೋಡೆ, ಎಲ್ಲವೂ ಪುಸ್ತಕವೇ. ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಎಲ್ಲಿದೆ? ಹುಡುಕಲು ಹೇಳಿ. ತನ್ನ ಹೆಸರು ಕಂಡಾಗ ಅದರ ಮುಖ ನೋಡಿ.

ಹತ್ತು ರೂಪಾಯಿ ನೋಟು ತೆಗೆಯಿರಿ. ಹಿಂಬದಿಯಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇದೆ. ಅದರಲ್ಲಿ ಹದಿನೈದು ಭಾಷೆ ಇವೆ. ಮೇಲಿನಿಂದ ನಾಲ್ಕನೆಯ ಸಾಲು ನಮ್ಮದು. ಹತ್ತು ರೂಪಾಯಿ ಎಂಬುದನ್ನು ಕನ್ನಡದಲ್ಲಿ ಬರೆದಿದೆ. ಇಷ್ಟು ವರ್ಷ ನಾವು ನೋಟನ್ನು ಬಣ್ಣ ನೋಡಿ ಗುರುತು ಹಿಡಿದೆವು. ಈಗ ಓದಿ ಹಿಡಿಯೋಣ. ಮಗುವಿಗೂ ತೋರಿಸೋಣ.

ಬರೆಯುವ ಮುಂಚೆ ಕೈ ಪಳಗಲಿ

ಕನ್ನಡ ಅಕ್ಷರ ದುಂಡು. ಎಳೆ ಕೈಗೆ ದುಂಡು ಬೇಗ ಬರುವುದಿಲ್ಲ. ಅಕ್ಷರಕ್ಕೆ ಮುಂಚೆ ಕೈಗೆ ಆಟ ಕೊಡಿ. ಚುಕ್ಕಿ ಇಟ್ಟು ರಂಗೋಲಿ ಎಳೆಯಲಿ. ತಟ್ಟೆಯಲ್ಲಿ ಮರಳು ಹರಡಿ. ಬೆರಳಿನಿಂದ ಬಳೆ, ಅರ್ಧ ಬಳೆ, ಕೊಂಡಿ ಬರೆಯಲಿ. ರಾಗಿ ಹಿಟ್ಟಿನ ಉಂಡೆ ನಾದಿ ಹಾವಿನಂತೆ ಹೊಸೆಯಲಿ. ಅದನ್ನು ಬಗ್ಗಿಸಿ 'ರ' ಮಾಡಲಿ, 'ಗ' ಮಾಡಲಿ. ಬೆರಳಿಗೆ ಬಲ ಬರುತ್ತದೆ.

ಕೆಲವು ಅಕ್ಷರಗಳು ಅವಳಿ ಮಕ್ಕಳ ಹಾಗೆ. ಮಗು ತಪ್ಪುವುದು ಸಹಜ. ರ ಮತ್ತು ಠ ನೋಡಿ. ನಡುವೆ ಒಂದು ಚುಕ್ಕಿ ಮಾತ್ರ ಹೆಚ್ಚು. ವ ಮತ್ತು ಮ, ಪ ಮತ್ತು ಷ, ಬ ಮತ್ತು ಭ ಕೂಡ ಹಾಗೆಯೇ. ಎರಡನ್ನೂ ಪಕ್ಕ ಪಕ್ಕ ಬರೆಯಿರಿ. "ಇವೆರಡಕ್ಕೂ ಏನು ವ್ಯತ್ಯಾಸ? ತೋರಿಸು" ಎನ್ನಿ. ಮಗುವೇ ಹುಡುಕಲಿ. ತಾನೇ ಕಂಡುಕೊಂಡದ್ದು ಮರೆಯುವುದಿಲ್ಲ.

ಒಂದೇ ಅಕ್ಷರವನ್ನು ನೂರು ಸಲ ಬರೆಸಬೇಡಿ. ಮೊದಲ ಐದು ಚೆನ್ನಾಗಿರುತ್ತವೆ. ಆಮೇಲೆ ಕೈ ಸೋಲುತ್ತದೆ, ಅಕ್ಷರ ಕೆಡುತ್ತದೆ. ಐದು ಸಲ ಬರೆಯಲಿ. ಅದರಲ್ಲಿ ಚೆಂದದ್ದು ಯಾವುದು ಎಂದು ಮಗುವನ್ನೇ ಕೇಳಿ.

ಬರೆಯಲು ಕಾರಣವೂ ಇರಲಿ. ನೀವು ಸಂತೆಗೆ ಹೊರಟಿದ್ದೀರಿ. "ಏನೇನು ತರಬೇಕು, ಬರೀ" ಎನ್ನಿ. ಬೇಳೆ, ಉಪ್ಪು, ಬೆಲ್ಲ. ಮಗು 'ಬೆಲ' ಎಂದು ಬರೆದರೂ ಪರವಾಗಿಲ್ಲ. ನೀವು ಬೆಲ್ಲ ತಂದೇ ತರುತ್ತೀರಿ. ತನ್ನ ಬರಹದಿಂದ ಬೆಲ್ಲ ಮನೆಗೆ ಬಂತು ಎಂದು ಮಗುವಿಗೆ ತಿಳಿಯುತ್ತದೆ. ಆಮೇಲೆ ಒತ್ತು ಸೇರಿಸಿ ತೋರಿಸಿ.

ಲೆಕ್ಕ ನಿಮಗೆ ಬರುತ್ತದೆ

"ನನಗೆ ಲೆಕ್ಕ ಬರಲ್ಲ" ಎನ್ನುವ ಅಕ್ಕಂದಿರು ಬಹಳ. ಇದು ನಿಜವಲ್ಲ. ಕೂಲಿ ಲೆಕ್ಕ ಹಾಕುವವರು ಯಾರು? ಶೇಂಗಾ ಸೇರು ಅಳೆಯುವವರು ಯಾರು? ಸಂಘದ ಕಂತು ನೆನಪಿಡುವವರು ಯಾರು? ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ರೇಷ್ಮೆ ಸೀರೆಯ ಎಳೆ ಎಣಿಸುವವರು ಯಾರು? ಲೆಕ್ಕ ನಿಮ್ಮ ಬಾಯಲ್ಲಿದೆ, ಕೈಯಲ್ಲಿದೆ. ಕಾಗದದ ಮೇಲೆ ತರುವುದು ಮಾತ್ರ ಬಾಕಿ.

ಮೊದಲು 1ರಿಂದ 9. ಬಾಯಲ್ಲಿ ಹೇಳಿದರೆ ಸಾಲದು. ಒಂದು ಬೀಜಕ್ಕೆ ಒಂದು ಎಣಿಕೆ. ಬೀಜ ಮುಟ್ಟಿ ಮುಟ್ಟಿ ಎಣಿಸಲಿ. ಆಮೇಲೆ "ಒಟ್ಟು ಎಷ್ಟು?" ಎಂದು ಕೇಳಿ. ಕೆಲವು ಮಕ್ಕಳು ಮತ್ತೆ ಮೊದಲಿಂದ ಎಣಿಸುತ್ತಾರೆ. ಎಣಿಸಲಿ ಬಿಡಿ. ಕೊನೆಯ ಎಣಿಕೆಯೇ ಒಟ್ಟು ಎಂಬುದು ನಿಧಾನವಾಗಿ ತಿಳಿಯುತ್ತದೆ.

ಬಚ್ಚಿಡುವ ಆಟ. ಏಳು ಬೀಜ ತೋರಿಸಿ. ಮಗು ಕಣ್ಣು ಮುಚ್ಚಲಿ. ಕೆಲವನ್ನು ಬಟ್ಟಲ ಕೆಳಗೆ ಬಚ್ಚಿಡಿ. ಹೊರಗೆ ಮೂರು ಇವೆ. "ಒಳಗೆ ಎಷ್ಟು?" ನಾಲ್ಕು. ಇದರಲ್ಲಿ ಕೂಡುವುದೂ ಇದೆ, ಕಳೆಯುವುದೂ ಇದೆ. ಎಲ್ಲವನ್ನೂ ಬಚ್ಚಿಟ್ಟರೆ ಹೊರಗೆ ಏನೂ ಇಲ್ಲ. ಅದೇ ಸೊನ್ನೆ, 0.

ಚೌಕಾಬಾರ ಆಡಿ. ನಾಲ್ಕು ಕವಡೆ ಎಸೆಯಿರಿ. ನಾಲ್ಕೂ ಅಂಗಾತ ಬಿದ್ದರೆ ಚೌಕ, 4. ನಾಲ್ಕೂ ಕವುಚಿ ಬಿದ್ದರೆ ಬಾರ, 8. ಕಾಯಿ ನಡೆಸುತ್ತಾ ಮಗು ಎಣಿಸುತ್ತದೆ. ಆಟ ಎಂದು ತಿಳಿದುಕೊಂಡೇ ಲೆಕ್ಕ ಕಲಿಯುತ್ತದೆ. ಸೀರೆಯ ಅಂಚು ತೋರಿಸಿ. "ಕೆಂಪು, ಕೆಂಪು, ಹಸಿರು. ಮತ್ತೆ ಕೆಂಪು, ಕೆಂಪು. ಮುಂದೇನು?" ಇದೂ ಲೆಕ್ಕವೇ.

ಈಗ ಹತ್ತಕ್ಕೆ ಬರೋಣ. ಇಲ್ಲಿ ಬಹಳ ಮಕ್ಕಳು ಎಡವುತ್ತಾರೆ. "ಇಪ್ಪತ್ತೈದು ಬರೀ" ಎಂದರೆ 205 ಎಂದು ಬರೆಯುತ್ತಾರೆ. ಯಾಕೆ? ಕಿವಿಗೆ ಕೇಳಿದ್ದು ಇಪ್ಪತ್ತು, ಆಮೇಲೆ ಐದು. 20 ಬರೆದು 5 ಬರೆದರು. ಮಗುವಿನ ತರ್ಕ ಸರಿಯಾಗಿಯೇ ಇದೆ. ಬರೆಯುವ ಪದ್ಧತಿ ತಿಳಿದಿಲ್ಲ.

ರೊಪ್ಪದ ಬಾಗಿಲ ಕಲ್ಲು ನೆನಪಿದೆಯೇ? ಅದೇ ಮದ್ದು. ಪೊರಕೆ ಕಡ್ಡಿ ತೆಗೆದುಕೊಳ್ಳಿ. ಹತ್ತು ಹತ್ತು ಕಡ್ಡಿಗೆ ದಾರ ಕಟ್ಟಿ. ಎರಡು ಕಟ್ಟು, ಐದು ಬಿಡಿ ಕಡ್ಡಿ ಇಡಿ. ಕಟ್ಟಿನ ಕೆಳಗೆ 2 ಬರೆಯಿರಿ. ಬಿಡಿಯ ಕೆಳಗೆ 5 ಬರೆಯಿರಿ. 25. ಎಡಗಡೆ ಹತ್ತರ ಮನೆ. ಬಲಗಡೆ ಬಿಡಿಯ ಮನೆ. ನಾಲ್ಕು ಕಟ್ಟು, ಆರು ಬಿಡಿ ಇಟ್ಟರೆ 46. ಕಟ್ಟು ಮೂರಿದ್ದು ಬಿಡಿ ಏನೂ ಇಲ್ಲದಿದ್ದರೆ? 30. ಬಿಡಿಯ ಮನೆ ಖಾಲಿ ಎಂದು ಸೊನ್ನೆ ಹೇಳುತ್ತದೆ.

ಕಡ್ಡಿ ಬಿಟ್ಟು ಬೇಗ ಕಾಗದಕ್ಕೆ ಹೋಗಬೇಡಿ. ಕೈ ತಿಳಿದ ಮೇಲೆ ಕಣ್ಣು ತಿಳಿಯುತ್ತದೆ. ಕಣ್ಣು ತಿಳಿದ ಮೇಲೆ ಬರಹ.

ನಮ್ಮ ಬೆಟ್ಟದ ಬರಹ

ಮಗುವಿಗೆ ಹೇಳಲು ಒಂದು ನಿಜವಾದ ಕತೆ ಇದೆ. ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಬೆಟ್ಟ ಇದೆ. ಅಲ್ಲಿ, ಹತ್ತಿರದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಬಂಡೆಯ ಮೇಲೆ ಬರಹ ಇದೆ. ಅದು ಅಶೋಕ ರಾಜನ ಶಾಸನ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ಕುರಿ ದನ ಮೇಯುವ ಈ ಬೆಟ್ಟಗಳಲ್ಲಿ ಅದು ಶತಮಾನಗಳ ಕಾಲ ಇತ್ತು. 1892ರಲ್ಲಿ ಬಿ.ಎಲ್. ರೈಸ್ ಎಂಬ ವಿದ್ವಾಂಸರು ಅದನ್ನು ಗುರುತಿಸಿದರು.

ಅದರ ಭಾಷೆ ಪ್ರಾಕೃತ. ಲಿಪಿ ಬ್ರಾಹ್ಮಿ. ಆ ಲಿಪಿಯಿಂದಲೇ ನಿಧಾನವಾಗಿ ನಮ್ಮ ಕನ್ನಡ ಲಿಪಿ ಬೆಳೆಯಿತು. ನಿಮ್ಮ ಮಗು ಸ್ಲೇಟಿನಲ್ಲಿ ಬರೆಯುವ 'ರ', 'ಗ'ಗಳಿಗೆ ಆ ಬಂಡೆಯ ಅಕ್ಷರ ಮುತ್ತಜ್ಜಿ ಇದ್ದ ಹಾಗೆ. ಬರೆದವನು ಕೊನೆಯಲ್ಲಿ ತನ್ನ ಹೆಸರನ್ನೂ ಕೆತ್ತಿದ್ದಾನೆ. ಅವನ ಹೆಸರು ಚಪಡ.

ಬಂಡೆಯ ಮೇಲೆ ಏನು ಬರೆದಿದೆ? ತಾಯಿ ತಂದೆಯ ಮಾತು ಕೇಳಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವಿಗೆ ಗೌರವ ಕೊಡಬೇಕು ಎಂಬ ಅರ್ಥದ ಮಾತುಗಳಿವೆ. ತಾಯಿಯೂ ಗುರುವೂ ಒಂದೇ ಬಂಡೆಯ ಮೇಲೆ ಇದ್ದಾರೆ. ನಾನು ಅವತ್ತು ತಾಯಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೆ.

ಶಾಲೆಗೆ ಹೋಗಿ, ಕೇಳಿ

ತಿಂಗಳಿಗೊಮ್ಮೆ ಶಾಲೆಗೆ ಹೋಗಿ. "ನನ್ನ ಮಗು ಎಲ್ಲಿಗೆ ಬಂದಿದೆ? ಯಾವ ಅಕ್ಷರ ಬಿಟ್ಟುಹೋಗಿದೆ? ಮನೇಲಿ ಏನು ಮಾಡಿಸಲಿ?" ಈ ಮೂರು ಪ್ರಶ್ನೆ ಕೇಳಿ. ಯಾರಾದರೂ ನನ್ನ ಹಾಗೆ "ನಿಮಗೇನು ಗೊತ್ತಾಗುತ್ತೆ" ಅಂದರೆ ಹಿಂದೆ ಸರಿಯಬೇಡಿ. ಮಗು ಹತ್ತಿರದ ಹಲಗೆ, ದೂರದ ಬೋರ್ಡು ನೋಡಲು ಕಣ್ಣು ಕಿರಿದು ಮಾಡಿದರೆ, ಕರೆದರೆ ತಿರುಗದಿದ್ದರೆ, ಅದನ್ನೂ ಹೇಳಿ. ಕಣ್ಣು, ಕಿವಿ ತೋರಿಸಿ. ಎಷ್ಟೋ ಮಕ್ಕಳು ಕಾಣದೆ, ಕೇಳದೆ ಹಿಂದೆ ಬೀಳುತ್ತಾರೆ.

ಮಳೆ ಕೈಕೊಟ್ಟ ವರ್ಷ ಕೆಲವರು ದುಡಿಯಲು ಬೆಂಗಳೂರಿಗೆ, ಬೇರೆ ಊರಿಗೆ ಹೋಗುತ್ತೀರಿ. ಕುರಿ ಹಿಂದೆ ದೂರ ಹೋಗುವವರೂ ಇದ್ದೀರಿ. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವುದಾದರೆ ಅಜ್ಜಿಗೂ ಈ ಇಪ್ಪತ್ತು ನಿಮಿಷ ತಿಳಿಸಿ. ಕರೆದುಕೊಂಡು ಹೋಗುವುದಾದರೆ ಶಾಲೆಗೆ ಹೇಳಿ ಹೋಗಿ. ಪುಸ್ತಕ, ಸ್ಲೇಟು ಗಂಟಿನಲ್ಲಿ ಇರಲಿ.

ಒಂದು ಕಾನೂನು ತಿಳಿದಿರಿ. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಗುವಿಗೆ ಉಚಿತ ಶಿಕ್ಷಣ ಹಕ್ಕು. ಹೋದ ಊರಿನ ಸರ್ಕಾರಿ ಶಾಲೆಯಲ್ಲಿ ವರ್ಷದ ನಡುವೆಯೂ ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ತಡವಾಯಿತು ಎಂದು ವಾಪಸ್ಸು ಕಳಿಸುವಂತಿಲ್ಲ. ಇದನ್ನು ಧೈರ್ಯವಾಗಿ ಹೇಳಿ.

ಎರಡು ಸ್ಲೇಟು

ಆ ಅಕ್ಕನ ಮನೆಗೆ ಮತ್ತೊಮ್ಮೆ ಹೋದೆ. ದೀಪದ ಹತ್ತಿರ ಎರಡು ಸ್ಲೇಟು ಇದ್ದವು. ಒಂದು ಮಗಳದು. ಇನ್ನೊಂದು ತಾಯಿಯದು. ತಾಯಿ 'ಠ' ಬರೆಯಲು ಹೋಗಿ 'ರ' ಬರೆದಿದ್ದಳು. ಮಗಳು ಬಳಪ ತೆಗೆದುಕೊಂಡು ನಡುವೆ ಒಂದು ಚುಕ್ಕಿ ಇಟ್ಟಳು.

"ನೋಡಿ ಟೀಚರಮ್ಮಾ, ಇವಳೇ ನನಗೆ ಮೇಷ್ಟ್ರು" ಅಂದಳು ತಾಯಿ. ನಾಚಿಕೆ ಇರಲಿಲ್ಲ.

ಆಮೇಲೆ ಮಗಳು ತನ್ನ ಸ್ಲೇಟು ತೋರಿಸಿದಳು. ನಾಲ್ಕು ಉದ್ದ ಗೆರೆ, ಏಳು ಚುಕ್ಕಿ ಬರೆದಿದ್ದಳು. ಅದರ ಕೆಳಗೆ ಅಂಕಿ, 47.

"ಇವತ್ತು ಎಲ್ಲಾ ಬಂದವೆ" ಅಂದಳು.

ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಎರಡು ಸ್ಲೇಟು ಇರಲಿ. ನಿಮಗೆ ಬರದ್ದನ್ನು ಮಗುವಿನ ಮುಂದೆ ಮುಚ್ಚಿಡಬೇಡಿ. "ನನಗೂ ಗೊತ್ತಿಲ್ಲ, ಬಾ ನೋಡೋಣ" ಎನ್ನಿ. ಕಲಿಯುವ ತಾಯಿಯನ್ನು ನೋಡುತ್ತಾ ಬೆಳೆದ ಮಗುವಿಗೆ ಕಲಿಯುವುದೇ ರೂಢಿಯಾಗುತ್ತದೆ.

ಓದಿ, ಉತ್ತರ ಹೇಳಿ

1. ಟೀಚರು ಮೊದಲು ಆ ಅಕ್ಕನಿಗೆ ಏನು ಹೇಳಿದರು? ಅದು ಯಾಕೆ ತಪ್ಪು?
2. ಮಗು ನಿಜವಾಗಿ ಓದುತ್ತದೆಯೋ, ಬಾಯಿಪಾಠ ಹೇಳುತ್ತದೆಯೋ? ತಿಳಿಯುವುದು ಹೇಗೆ?
3. ಇಪ್ಪತ್ತೈದನ್ನು 205 ಎಂದು ಬರೆದ ಮಗುವಿಗೆ ನೀವು ಹೇಗೆ ತಿಳಿಸುತ್ತೀರಿ?
4. ಬೇರೆ ಊರಿಗೆ ಹೋದಾಗ ಮಗುವಿನ ಓದಿಗೆ ಏನು ಮಾಡಬೇಕು?

ಮಾಡಿ ನೋಡಿ

1. ರ, ಗ, ಸ, ದ, ಅ, ಜ, ವ, ಮ, ಬ, ನ. ಈ ಹತ್ತು ಅಕ್ಷರದಿಂದ ಪಾಠದಲ್ಲಿ ಇಲ್ಲದ ಮೂರು ಪದ ಬರೆಯಿರಿ.
2. 'ಮ' ಕಾಗುಣಿತಕ್ಕೆ ಮನೆಯಲ್ಲಿ ಸಿಗುವ ವಸ್ತುಗಳ ಹೆಸರು ಬರೆಯಿರಿ.
3. ಹತ್ತರ ಮೂರು ಕಟ್ಟು, ಎಂಟು ಬಿಡಿ ಕಡ್ಡಿ. ಒಟ್ಟು ಎಷ್ಟು? ಅಂಕಿಯಲ್ಲಿ ಬರೆಯಿರಿ.
4. ನಾಳೆ ಸಂಜೆ ಮಗುವಿನ ಜೊತೆ ಇಪ್ಪತ್ತು ನಿಮಿಷ ಕೂತುಕೊಳ್ಳಿ. ಏನು ಮಾಡಿದಿರಿ ಎಂದು ಎರಡು ಸಾಲು ಬರೆದು ಕೇಂದ್ರಕ್ಕೆ ತನ್ನಿ. ಎಲ್ಲರ ಮುಂದೆ ಓದಿ.